ಎ ಮತ್ತು ಬಿ ಎಲ್ಲಿಂದ ಬಂದವು?

ಕೇಳುಗರಿಗೆಲ್ಲ ನಮಸ್ಕಾರ. ಮುಂಬೈಯ ಕನ್ನಡ ಮನೆಗಳಲ್ಲಿ ಬಿ.ಎಸ್‌ಸಿ. ಓದುತ್ತಿರುವ ಮಕ್ಕಳೇ, ಇವತ್ತು ನಿಮಗೆ ಒಂದೇ ಮಾತು. ಅನಿಲದ ಒತ್ತಡ, ಗಾತ್ರ, ಉಷ್ಣತೆಗಳ ನಂಟು ಹೇಳುವ ವಾನ್ ಡರ್ ವಾಲ್ಸ್ ಸಮೀಕರಣದ ಎ, ಬಿ ಬಾಯಿಪಾಠ ಮಾಡುವ ಅಂಕಿಗಳಲ್ಲ. ಲೆಕ್ಕ ಹಾಕಿ ತೆಗೆಯುವಂಥವು.

ಬೆಳಗಿನ ಡೊಂಬಿವಲಿ ಲೋಕಲ್ ನೆನಪಿಸಿಕೊಳ್ಳಿ. ಪ್ರತಿಯೊಬ್ಬರೂ ಒಂದಿಷ್ಟು ಜಾಗ ಹಿಡಿಯುತ್ತಾರೆ, ಅದು ಬಿ. ಭಜನೆ ಮಂಡಳಿಯವರು ಒಬ್ಬರನ್ನೊಬ್ಬರು ಒಳಗೆ ಎಳೆದುಕೊಂಡು ನಿಂತರೆ ಬಾಗಿಲ ಮೇಲಿನ ಒತ್ತಡ ಇಳಿಯುತ್ತದೆ, ಅದು ಎ. 1873ರಲ್ಲಿ ಡಚ್ ಭೌತವಿಜ್ಞಾನಿ ವಾನ್ ಡರ್ ವಾಲ್ಸ್ ಅನಿಲದ ಅಣುಗಳ ಬಗ್ಗೆ ಹೇಳಿದ್ದೂ ಇದನ್ನೇ.

ಕಳೆದ ವರ್ಷ ನಮ್ಮ ಪಕ್ಕದ ಮನೆಯ ಹುಡುಗ ನೋಟ್‌ಬುಕ್ ಹಿಡಿದು ಬಂದ. "ಕಾಕಾ, ಕಾರ್ಬನ್ ಡೈಆಕ್ಸೈಡ್‌ನ ಬಿ ಸರಿಯಾಗಿದೆಯಾ ನೋಡಿ." ಒಂದು ಮೋಲ್‌ಗೆ ನಾಲ್ಕೂವರೆ ಮಿಲಿಲೀಟರ್ ಹತ್ತಿರ ಬರೆದಿದ್ದ. ಸೂತ್ರ ಸರಿಯಾಗಿತ್ತು. ನಾನು ಉತ್ತರ ಹೇಳಲಿಲ್ಲ. ಅಡುಗೆಮನೆಯಿಂದ ಒಂದು ಚಹಾ ಚಮಚ ತಂದು ಅವನ ಮುಂದಿಟ್ಟೆ. "ಒಂದು ಮೋಲ್ ಅಂದ್ರೆ 44 ಗ್ರಾಂ. ಅಷ್ಟು ಗಟ್ಟಿ ಕಾರ್ಬನ್ ಡೈಆಕ್ಸೈಡ್‌ಗೆ, ಅಂದ್ರೆ ಡ್ರೈ ಐಸ್‌ಗೇ ಸುಮಾರು 28 ಮಿಲಿಲೀಟರ್ ಜಾಗ ಬೇಕು. ನಿನ್ನ ಅಣುಗಳು ಈ ಚಮಚದಲ್ಲಿ ಹೇಗಪ್ಪಾ ಹಿಡಿದವು?" ಹುಡುಗ ಚಮಚ ನೋಡಿದ, ನೋಟ್‌ಬುಕ್ ನೋಡಿದ. ಆಮೇಲೆ ಹೊಳೆಯಿತು. ಕ್ರಿಟಿಕಲ್ ಉಷ್ಣತೆಯನ್ನು, ಅಂದರೆ ಯಾವುದರ ಮೇಲೆ ಎಷ್ಟು ಒತ್ತಿದರೂ ಅನಿಲ ದ್ರವವಾಗದೋ ಆ ಉಷ್ಣತೆಯನ್ನು, 31 ಅಂತ ಹಾಕಿದ್ದ. ಅದು ಸೆಲ್ಸಿಯಸ್! ಕೆಲ್ವಿನ್‌ನಲ್ಲಿ 304. ಹತ್ತಿರ ಹತ್ತಿರ ಹತ್ತು ಪಟ್ಟು ತಪ್ಪು. ಎ ಸೂತ್ರದಲ್ಲಿ ಉಷ್ಣತೆಯ ವರ್ಗ ಇದೆಯಲ್ಲ, ಅಲ್ಲಿ ನೂರು ಪಟ್ಟು. ಅಲ್ಲೇ ಕೂತು ಮತ್ತೆ ಮಾಡಿದ. 304ನ್ನು ಆರ್‌ನಿಂದ, ಅಂದರೆ ಅನಿಲ ಸ್ಥಿರಾಂಕ 0.08314ರಿಂದ ಗುಣಿಸಿದ. 8ರಿಂದ ಭಾಗಿಸಿದ. ಕ್ರಿಟಿಕಲ್ ಒತ್ತಡ, ಅಂದರೆ ಆ ಉಷ್ಣತೆಯಲ್ಲಿ ಅನಿಲ ದ್ರವವಾಗಲು ಬೇಕಾದ ಒತ್ತಡ, 73.8 ಬಾರ್, ಅದರಿಂದ ಇನ್ನೊಮ್ಮೆ ಭಾಗಿಸಿದ. 0.043 ಲೀಟರ್, ಅಂದರೆ 43 ಮಿಲಿಲೀಟರ್. ಅವನ ಮುಖ ನೋಡಬೇಕಿತ್ತು ನೀವು! ಪುಸ್ತಕದ ಕೊನೆಯ ಪಟ್ಟಿಯಲ್ಲಿದ್ದ ಅಂಕಿ ಅವನ ಕೈಯಿಂದಲೇ ಬಂದಿತ್ತು.

ಸಮಯ ಆಗ್ತಾ ಬಂತು. ಎ ಸೂತ್ರ ಬೇಗ ಬರೆದುಕೊಳ್ಳಿ: 27, ಆರ್ ವರ್ಗ, ಕ್ರಿಟಿಕಲ್ ಉಷ್ಣತೆಯ ವರ್ಗ, ಮೂರನ್ನೂ ಗುಣಿಸಿ. ಬಂದದ್ದನ್ನು 64 ಮತ್ತು ಕ್ರಿಟಿಕಲ್ ಒತ್ತಡದ ಗುಣಲಬ್ಧದಿಂದ ಭಾಗಿಸಿ. ಅನಿಲಗಳಿಗೇ ಆಮೇಲೆ ಬಂದ 1949ರ ರೆಡ್ಲಿಕ್–ಕ್ವಾಂಗ್, 1976ರ ಪೆಂಗ್–ರಾಬಿನ್‌ಸನ್ ಸಮೀಕರಣಗಳಿಗೂ ಇದೇ ದಾರಿ, ಗುಣಕಗಳು ಬೇರೆ, ರೆಡ್ಲಿಕ್–ಕ್ವಾಂಗ್ ಎ ಸೂತ್ರದಲ್ಲಿ ಉಷ್ಣತೆಯ ಘಾತ 2ರ ಬದಲು 2.5.

ಪಟ್ಟಿ ಮುಚ್ಚಿಡಿ ಮಕ್ಕಳೇ, ದಯವಿಟ್ಟು. ಇವತ್ತು ರಾತ್ರಿ ನಿಮ್ಮ ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನ್ ತೆಗೆದುಕೊಳ್ಳಿ. ಕ್ರಿಟಿಕಲ್ ಉಷ್ಣತೆ 369.8 ಕೆಲ್ವಿನ್, ಕ್ರಿಟಿಕಲ್ ಒತ್ತಡ 42.5 ಬಾರ್. ಬಿ ಸುಮಾರು 90 ಮಿಲಿಲೀಟರ್ ಬರಬೇಕು. ಬರದಿದ್ದರೆ ಮೊದಲು ಕೆಲ್ವಿನ್ ನೋಡಿ.