ಮಡಚಿದ ಮೂಲೆ

ಪಾಲಕರಿಗೆ, ಶಿಕ್ಷಕ ಬಂಧುಗಳಿಗೆ ಶರಣು ಶರಣಾರ್ಥಿ.

ನಾನು ಹತ್ತನೇ ಕ್ಲಾಸಿಗೆ ಗಣಿತ ಹೇಳುವವ. ಕಿರುಪರೀಕ್ಷೆಯ ಪೇಪರ್ ಕೊಡುವ ದಿನ ಮಕ್ಕಳ ಕೈಬೆರಳು ನೋಡಬೇಕು ನೀವು. ಪೇಪರ್ ಸಿಕ್ಕ ಕೂಡಲೇ ಅಂಕ ಬರೆದ ಮೂಲೆ ತ್ರಿಕೋನಾಕಾರದಲ್ಲಿ ಮಡಚಿ ಹೋಗ್ತದೆ. ಕಡಿಮೆ ಬಂದವರಷ್ಟೇ ಮಡಚ್ತಾರೆ ಅಂತ ಬಹಳ ವರ್ಷ ತಿಳಿದಿದ್ದೆ. ಮೊನ್ನೆ 20ಕ್ಕೆ 19 ತಗೊಂಡ ಹುಡುಗಿಯೂ ಮಡಚಿದಳು. ಪಕ್ಕದಾಕಿ "ಎಷ್ಟ್ ಬಂದಾವ?" ಅಂದ್ರೆ "ಹಂಗೇ ಬಂದಾವ ಬಿಡು" ಅಂದಳು. ಹಿಂದಿನ ಬೆಂಚಿನಲ್ಲಿ 4 ಬಂದ ಹುಡುಗ ಮಾತ್ರ ಪೇಪರ್ ಎತ್ತಿ ಎಲ್ಲರಿಗೂ ತೋರಿಸಿ ನಕ್ಕ.

ಪರೀಕ್ಷೆ ದಿನ ಗೇಟಿನ ಹತ್ತಿರ ಕೇಳ್ರಿ, "ನಾ ಏನೂ ಓದಿಲ್ಲಲೇ" ಅನ್ನೋದೇ ಎಲ್ಲರ ಬಾಯಲ್ಲಿ. ನಡುರಾತ್ರಿ ತನಕ ಓದಿದವರೂ ಅದನ್ನೇ ಹೇಳ್ತಾರೆ. ಇದನ್ನ ನಾನು ಸುಳ್ಳು ಅನ್ನಲ್ಲ. ಓದಿ ಫೇಲಾದರೆ ದಡ್ಡ ಅನ್ನಿಸಿಕೊಳ್ಳಬೇಕು, ಓದದೆ ಫೇಲಾದರೆ ಮರ್ಯಾದೆ ಉಳೀತದೆ. ಅಮೆರಿಕದ ಸಂಶೋಧಕರಾದ ಯಾನಾ ಯುವೊನೆನ್, ಟಮೆರಾ ಮರ್ಡಾಕ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ನಾಲ್ಕನೇ ತರಗತಿಯ ಮಕ್ಕಳು ಕಷ್ಟಪಟ್ಟು ಓದಿದ್ದನ್ನ ಗೆಳೆಯರಿಗೂ ಹೇಳಿಕೊಳ್ಳಲು ಸಿದ್ಧರಿದ್ದರು, ಎಂಟನೇ ತರಗತಿಯವರು ಶಿಕ್ಷಕರಿಗೆ ಹೇಳಿದಷ್ಟು ಗೆಳೆಯರಿಗೆ ಹೇಳಲು ಹಿಂಜರಿದರು. ನಡುವಿನ ಆ ನಾಲ್ಕು ವರ್ಷದಲ್ಲಿ ಮಗು ಎಷ್ಟು ಮುಚ್ಚಿಡಲು ಕಲೀತದೆ ನೋಡ್ರಿ.

ನಮ್ಮ ಭಾಗದಲ್ಲಿ ಇದರ ಭಾರ ಹೆಚ್ಚು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರ ಕಡೆಯ ಸ್ಥಾನ ಯಾದಗಿರಿಯದು, 2025ರದು ನಮ್ಮ ಕಲಬುರಗಿಯದು, ಶೇ 42.43. ಅಂದ್ರೆ ಪರೀಕ್ಷೆ-1ರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲ್. ಅಷ್ಟು ಮಂದಿ ಫೇಲಾದ ಕಡೆ ಯಾರೂ ಅಳಲ್ಲ, ಎಲ್ಲರೂ ಕೂಡಿ ನಗ್ತಾರೆ. ಆ ನಗುವಿನಲ್ಲೇ ಒಬ್ಬ "ಮುಂಬೈಗೆ ದುಡಿಲಿಕ್ಕ ಹೋಗ್ತೀನಿ, ಯಾಂವ ಬರೀತಾನ ಮತ್ತ" ಅಂದುಬಿಡ್ತಾನೆ. ಅಂಜಿಕೆಯಿಂದ ಬಂದ ಮಾತು ಅದು. ಆದ್ರೆ ನಾಲ್ಕು ಗೆಳೆಯರ ಮುಂದೆ ಆಡಿದ ಮೇಲೆ ಹಿಂದೆ ತಗೊಳ್ಳೋದು ಹದಿನೈದರ ಹುಡುಗನಿಗೆ ಭಾಳ ಕಷ್ಟ. ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2ರ ಫಾರಂ ತುಂಬದೆ ನಿಲ್ಲುವವರಲ್ಲಿ ಇಂಥವರು ಎಷ್ಟು ಮಂದಿಯೋ ಅಂತ ನನಗೆ ಸಂಕಟ ಆಗ್ತದೆ. ಹುಡುಗಿಯರದು ಇನ್ನೂ ಮೌನ, ನಲ್ಲಿ ಹತ್ತಿರ ಮುಖ ತೊಳ್ಕೊಂಡು ಬಂದು ಕೂಡ್ತಾರೆ.

ಅದಕ್ಕೇ ಕೈಮುಗಿದು ಕೇಳ್ತೀನಿ, ಗೇಟಿನಲ್ಲಿ ಗೆಳೆಯರ ಎದುರು "ಹೆಂಗ ಬರೆದಿ?" ಅಂತ ಕೇಳಬೇಡಿ. ಮನೆಗೆ ಕರ್ಕೊಂಡು ಹೋಗುವಾಗ ಬೈಕಿನ ಮೇಲೆ ಕೇಳ್ರಿ. ಹಿಂದೆ ಕೂತ ಮಗುವಿನ ಮುಖ ನಿಮಗೆ ಕಾಣಲ್ಲ, ಹಂಗಾಗಿ ಮಾತು ಬರ್ತದೆ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡ್ರಿ. ಹಗಲು ರಾತ್ರಿ ಇರ್ತದೆ, ದುಡ್ಡು ಬೇಕಿಲ್ಲ.

4 ಬಂದ ಆ ಹುಡುಗನನ್ನ ಸಂಜೆ ಒಬ್ಬನನ್ನೇ ಕರೆದೆ. ಬಹಳ ಹೊತ್ತು ಸುಮ್ಮನಿದ್ದು, "ಸರ್, ನಂಗ ಭಾಗಾಕಾರ ಐದನೇ ಕ್ಲಾಸಿನಿಂದ ಬರಲ್ಲ" ಅಂದ. ಈಗ ದಿನಾ ಬೆಲ್ಲಾದ ಮೇಲೆ ಇಬ್ಬರೂ ಕೂಡ್ತೀವಿ. ಬಂದ ಕೂಡಲೇ ಮೊದಲು ಬಾಗಿಲು ಮುಂದಕ್ಕೆ ಹಾಕ್ತಾನೆ, ಆಮೇಲೆ ಪಾಟಿಚೀಲದಿಂದ ಪೇಪರ್ ತೆಗೆದು, ತಾನೂ ಆಮೇಲೆ ಮಡಚಿಟ್ಟಿದ್ದ ಮೂಲೆ ಬಿಚ್ಚಿ ಮೇಜಿನ ಮೇಲೆ ಇಡ್ತಾನೆ.