ತಂದದ್ದನ್ನು ಕೂತು ನೋಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಗೈಡ್‌ಗಳು ಕೂತಿದ್ದೀರಿ. ಹಿಂದೆ ಈಗಷ್ಟೇ ಪಿಎಚ್‌ಡಿಗೆ ಸೇರಿದ ಹುಡುಗ ಹುಡುಗಿಯರು ಇದ್ದಾರೆ. ಇವತ್ತಿನ ನನ್ನ ಮಾತು ಜಾಸ್ತಿ ಮುಂದಿನ ಸಾಲಿಗೇ.

ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಿಂದ ಶುರು ಮಾಡುತ್ತೇನೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದರು. ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಅಕ್ಷರ. ಅದನ್ನು ಓದುವುದು ಅವರ ಕೆಲಸ ಆಗಿರಲಿಲ್ಲ. ಸುದ್ದಿ ಬಲ್ಲವರಿಗೆ ಮುಟ್ಟಿತು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಓದಿ ಅದೇ ವರ್ಷ ಪ್ರಕಟಿಸಿದರು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇದ್ದ ರಾಜನ ಸ್ವಂತ ಹೆಸರು, ಅಶೋಕ ಅಂತ, ಆ ಬಂಡೆಯ ಮೇಲಿತ್ತು.

ಕಂಡವರು ಒಬ್ಬರು, ಓದಿದವರು ಇನ್ನೊಬ್ಬರು. ಆಮೇಲೆ ನೋಡೋಣ ಅಂತ ಆ ಕಾಗದವನ್ನು ಯಾರಾದರೂ ಮೇಜಿನ ಮೂಲೆಗೆ ಸರಿಸಿದ್ದರೆ? ಈ ಪ್ರಶ್ನೆ ನನ್ನನ್ನು ತುಂಬಾ ವರ್ಷದಿಂದ ಕಾಡುತ್ತಿದೆ. ಯಾಕೆಂದರೆ ನನ್ನದೇ ಕಾಗದ ಹಾಗೆ ಮೂಲೆ ಸೇರಿತ್ತು. ನನ್ನ ಮೊದಲ ಅಧ್ಯಾಯ ಗೈಡ್ ಹತ್ತಿರ ಹನ್ನೊಂದು ತಿಂಗಳು ಇತ್ತು. ವಾಪಸ್ ಬಂದಾಗ ಒಂದು ಪೆನ್ಸಿಲ್ ಗೆರೆಯೂ ಇರಲಿಲ್ಲ. ಬೈದು ಬರೆದಿದ್ದರೂ ಖುಷಿಪಡುತ್ತಿದ್ದೆ. ಆಮೇಲೆ ಒಂದು ವರ್ಷ ನಾನು ಏನೂ ಬರೆಯಲಿಲ್ಲ. ಬರೆದರೂ ಯಾರು ನೋಡುತ್ತಾರೆ ಅನ್ನಿಸಿಬಿಟ್ಟಿತ್ತು.

ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಹುಡುಗರು ಊರೂರು ಸುತ್ತಿ ಬಂದ ವಾರದೊಳಗೆ ಅವರ ಫೀಲ್ಡ್ ನೋಟ್‌ಬುಕ್ ನೋಡಬೇಕು, ಅವರ ಪಕ್ಕದಲ್ಲೇ ಕೂತು ನೋಡಬೇಕು.

ಒಮ್ಮೆ ಒಬ್ಬ ವಿದ್ಯಾರ್ಥಿನಿ ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬಕ್ಕೆ, ಅಂದರೆ ಸಾವಿರಾರು ವರ್ಷ ಹಳೆಯ ಬೂದಿಯ ಗುಡ್ಡೆಗೆ, ಹೋಗಿ ಬಂದಳು. ಪುಸ್ತಕ ಚೊಕ್ಕವಾಗಿತ್ತು. ಪದರಗಳ ಚಿತ್ರ, ಬೂದಿಯ ಬಣ್ಣ, ಸುಟ್ಟು ಗಾಜಿನ ಹಾಗೆ ಗಟ್ಟಿಯಾದ ಭಾಗ, ಎಲ್ಲಾ ಇತ್ತು. ಒಂದು ಪುಟದ ಕೆಳಗೆ ಮಾತ್ರ ನಾಲ್ಕು ಸಾಲು ಹೊಡೆದು ಹಾಕಿದ್ದಳು. ಏನಮ್ಮ ಇದು ಅಂದೆ. "ಸುಮ್ನೆ ಸರ್, ಅಲ್ಲಿ ಕುರಿ ಕಾಯುವ ತಾತ ಏನೋ ಹೇಳಿದರು" ಅಂದಳು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ಓದಿದೆವು. ತಾತ ಹೇಳಿದ್ದು ಇಷ್ಟು: "ಹಟ್ಟಿ ಗೊಬ್ಬರಕ್ಕೆ ಕಿಡಿ ಬಿದ್ರೆ ವಾರಗಟ್ಲೆ ಒಳಗೊಳಗೇ ಸುಡ್ತಾ ಇರ್ತೈತಮ್ಮ, ಮೇಲೆ ಉರಿ ಕಾಣಲ್ಲ."

ಆ ನಾಲ್ಕು ಸಾಲಿನ ಬೆಲೆ ಅವಳಿಗೆ ಗೊತ್ತಿರಲಿಲ್ಲ. ಈ ಬೂದಿ ಎಲ್ಲಿಂದ ಬಂತು ಅಂತ ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಜ್ವಾಲಾಮುಖಿಯ ಬೂದಿ ಎಂಬ ಮಾತೂ ಇತ್ತು. ದನದ ಸಗಣಿ ಸುಟ್ಟ ಬೂದಿ ಇದು ಅಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್, ಈಗ ತೆಲಂಗಾಣದಲ್ಲಿರುವ ಊಟ್ನೂರಿನ ದಿಬ್ಬ ಅಗೆದಾಗ, ಬೇಲಿಗೆ ನೆಟ್ಟ ಗೂಟಗಳ ಗುಂಡಿ ಸಿಕ್ಕವು. ದನಗಳ ಗೊರಸಿನ ಗುರುತು ಸಿಕ್ಕವು. ನವಶಿಲಾಯುಗದ ಜನ ಅಲ್ಲಿ ದನ ಕೂಡಿಹಾಕುತ್ತಿದ್ದರು. ಗೊರಸು ಊರಿದ ನೆಲ ನಾಲ್ಕು ಸಾವಿರ ವರ್ಷ ಹಾಗೇ ಉಳಿದಿತ್ತು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಸಗಣಿಗೆ ಬೇಕೆಂದೇ ಬೆಂಕಿ ಇಟ್ಟರಾ, ಯಾವಾಗ, ಯಾಕೆ, ಅದರ ಚರ್ಚೆ ಮುಗಿದಿಲ್ಲ. ತಾತನ ಅನುಭವ ನೇರವಾಗಿ ಅಲ್ಲಿಗೆ ಸೇರುತ್ತದೆ. ಅವಳಿಗೆ ಹೇಳಿದೆ: ಮತ್ತೆ ಹೋಗು, ತಾತನ ಹೆಸರು ಕೇಳು, ಒಪ್ಪಿದರೆ ಬರೆದುಕೋ, ಎಷ್ಟು ಗೊಬ್ಬರ, ಯಾವ ತಿಂಗಳು, ಸುಟ್ಟ ಮೇಲೆ ಬೂದಿ ಯಾವ ಬಣ್ಣ, ಎಲ್ಲಾ ಕೇಳು. ಅಲ್ಲಿಂದ ಒಂದು ಇಡೀ ಅಧ್ಯಾಯ ಹುಟ್ಟಿತು. ಆ ಅಧ್ಯಾಯದಲ್ಲಿ ತಾತನ ಹೆಸರಿದೆ. ನನ್ನ ಹೆಸರು ಇರಬೇಕಾದ ಅಗತ್ಯ ಇರಲಿಲ್ಲ, ಹಾಕಿಸಲಿಲ್ಲ. ವಿದ್ಯಾರ್ಥಿಯ ಲೇಖನಕ್ಕೆ ಗೈಡ್ ಹೆಸರು ತಾನಾಗಿಯೇ ಸೇರುವ ರೂಢಿ ಇದೆಯಲ್ಲ, ಅದು ತಪ್ಪು. ಕೆಲಸ ಮಾಡಿದ್ದರೆ ಹೆಸರು ಇರಲಿ.

ಟೈಮ್ ಎಲ್ಲಿದೆ ಅಂತೀರಿ. ನಿಜ, ಕಷ್ಟ ಇದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರೊಫೆಸರ್ ಒಮ್ಮೆಗೆ 8 ಮಂದಿಗೆ ಗೈಡ್ ಆಗಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ಎಂಟು ಮಂದಿಗೆ ವಾರಕ್ಕೆ ತಲಾ ಒಂದು ಗಂಟೆ ಅಂದರೂ ಎಂಟು ಗಂಟೆ. ಅಷ್ಟು ಕೊಡಲು ಆಗದಿದ್ದರೆ ಐದೇ ಜನರನ್ನು ತಗೊಳ್ಳಿ. ಸೀಟು ಖಾಲಿ ಉಳಿದರೆ ಉಳಿಯಲಿ.

ಹುಡುಗರ ಕಡೆಯ ಲೆಕ್ಕವನ್ನೂ ನೋಡಿ. ಫೆಲೋಶಿಪ್ ಇಲ್ಲದವರು ಸಿರುಗುಪ್ಪದಲ್ಲೋ ಕೊಪ್ಪಳದಲ್ಲೋ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಬಸ್ಸು ಹಿಡಿದು ಬರುತ್ತಾರೆ. ಅವರನ್ನು ಕಾರಿಡಾರ್‌ನಲ್ಲಿ ಮೂರು ಗಂಟೆ ನಿಲ್ಲಿಸಬೇಡಿ. ಹೆಣ್ಣುಮಕ್ಕಳು ಒಬ್ಬರೇ ಗುಡ್ಡ ಹತ್ತುವ ಹಾಗಿಲ್ಲ, ಜೊತೆಗೆ ಇನ್ನೊಬ್ಬರನ್ನು ಕಳಿಸಿ. ಎರಡನೇ ವರ್ಷಕ್ಕೆ ಮನೆಯಲ್ಲಿ ಮದುವೆ ಮಾತು ಬಂದೇ ಬರುತ್ತದೆ. ಪಿಎಚ್‌ಡಿ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ರಜೆ ಇದೆ, ಮುಗಿಸಲು ಎರಡು ವರ್ಷ ಹೆಚ್ಚು ಸಿಗುತ್ತದೆ. ಅದು ಎಷ್ಟೋ ಹುಡುಗಿಯರಿಗೆ ಗೊತ್ತೇ ಇಲ್ಲ. ನೀವೇ ಕರೆದು ಹೇಳಿ. ಬೇಕಾದರೆ ಅವಳ ಅಪ್ಪ ಅಮ್ಮನ ಜೊತೆ ಕೂತು ಚಹಾ ಕುಡಿಯಿರಿ. ನಾನು ಹಾಗೆ ಎರಡು ಮನೆಗೆ ಹೋಗಿದ್ದೇನೆ, ಇಬ್ಬರೂ ಪ್ರಬಂಧ ಮುಗಿಸಿದರು.

ದುಡ್ಡು ಕಟ್ಟಿದರೆ ವಾರದಲ್ಲಿ ಲೇಖನ ಹಾಕುವ ಜರ್ನಲ್‌ಗಳ ಬಗ್ಗೆ ಒಂದೇ ಮಾತು. ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತು ಅದೇ 2022ರ ನಿಯಮದಲ್ಲಿ ಇಲ್ಲ. ಹುಡುಗರ ಜೇಬಿಗೆ ಕೈ ಹಾಕಿಸಬೇಡಿ.

ಬರುವ ಭಾನುವಾರ ಬೆಳಿಗ್ಗೆ 6ಕ್ಕೆ ನಾವು ಕೆಲವರು ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೊರಡುತ್ತೇವೆ. ನವಶಿಲಾಯುಗದ ಜನ ಕಲ್ಲಿನ ಕೊಡಲಿ ಕೆತ್ತುತ್ತಿದ್ದ ಜಾಗ ಅದು. ಇವತ್ತಿಗೂ ಚಕ್ಕೆಗಳು ಕಾಲಿಗೆ ಸಿಗುತ್ತವೆ. ಯಾವುದನ್ನೂ ಎತ್ತಿ ತರುವುದಿಲ್ಲ, ಅಲ್ಲೇ ಕೂತು ಬಿಡಿಸುತ್ತೇವೆ. ಹಿಂದಿನ ಸಾಲಿನವರು ನೋಟ್‌ಬುಕ್ ತನ್ನಿ, ಮುಂದಿನ ಸಾಲಿನವರೂ ಬನ್ನಿ. ಇಳಿದು ಬಂದ ಮೇಲೆ ಒಗ್ಗರಣೆ ಮಿರ್ಚಿ ತಿನ್ನುತ್ತಾ ಎಲ್ಲರ ಪುಟಗಳನ್ನೂ ನೋಡೋಣ.