ಭಾನುಮತಿ ನಿರ್ದೇಶಕಿಯಾದದ್ದು ಹೇಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮೈಸೂರಿನಲ್ಲಿ ನಟನೆ ಕಲಿಯುವ ಹೆಣ್ಣುಮಕ್ಕಳು ಈಗ ಬೇಕಾದಷ್ಟಿದ್ದಾರೆ. ರಂಗಾಯಣದ ಕಡೆ ಒಂದು ಸಂಜೆ ಹೋದರೆ ಸಾಕು, ಗೊತ್ತಾಗುತ್ತದೆ. ಪಾತ್ರ ಮಾಡಿದ್ದು ಸಾಕು, ಇನ್ನು ನಾವೇ ಸಿನಿಮಾ ಮಾಡಬೇಕು ಅನ್ನುವ ಆಸೆ ಅವರಲ್ಲಿ ಕೆಲವರಿಗಾದರೂ ಇರುತ್ತದೆ, ಅಲ್ವಾ? ಅವರನ್ನು ನೆನೆದುಕೊಂಡೇ ಇವತ್ತು ತೆಲುಗು, ತಮಿಳು ಚಿತ್ರಗಳ ಹಳೆಯ ನಟಿ ಪಿ. ಭಾನುಮತಿಯವರ ವಿಷಯ ಹೇಳುತ್ತೇನೆ.

ಭಾನುಮತಿ ಆಂಧ್ರದ ಒಂಗೋಲು ಕಡೆಯವರು. ತಂದೆ ಸಂಗೀತ ಬಲ್ಲವರು. ಮೊದಲ ಸಿನಿಮಾ 1939ರ 'ವರವಿಕ್ರಯಂ'. 1945ರ 'ಸ್ವರ್ಗಸೀಮ' ಬಂದ ಮೇಲೆ ಹೆಸರು ಮನೆಮಾತಾಯಿತು. ತಮ್ಮ ಹಾಡುಗಳನ್ನು ತಾವೇ ಹಾಡುತ್ತಿದ್ದರು.

ನನಗೆ ಮುಖ್ಯ ಅನಿಸುವುದು ಆಮೇಲಿನದು. ಪತಿ ರಾಮಕೃಷ್ಣ ರಾವ್ ಕೂಡ ಸಿನಿಮಾದವರೇ. ಇಬ್ಬರೂ ಸೇರಿ ಮಗ ಭರಣಿಯ ಹೆಸರಿನಲ್ಲಿ ಸಂಸ್ಥೆ ಕಟ್ಟಿದರು, ಮದ್ರಾಸಿನಲ್ಲಿ ಸ್ಟುಡಿಯೋ ಮಾಡಿದರು. 1953ರಲ್ಲಿ 'ಚಂಡೀರಾಣಿ' ಬಂತು. ತೆಲುಗು, ತಮಿಳು, ಹಿಂದಿ, ಮೂರರಲ್ಲೂ ಭಾನುಮತಿಯವರದೇ ನಿರ್ದೇಶನ. ಸಾಲದ್ದಕ್ಕೆ ಅದರಲ್ಲಿ ಅವರದು ಜೋಡಿ ಪಾತ್ರ! ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಇದರ ಕಷ್ಟ ಸ್ವಲ್ಪ ಯೋಚಿಸಿ. ಈಗಿನ ಹಾಗೆ ಶಾಟ್ ಮುಗಿದ ತಕ್ಷಣ ಮಾನಿಟರ್ ನೋಡುವ ಅನುಕೂಲ ಆಗ ಇರಲಿಲ್ಲ. ಫಿಲ್ಮ್ ಲ್ಯಾಬಿಗೆ ಹೋಗಿ, ತೊಳೆದು, ಪ್ರಿಂಟ್ ಆಗಿ ಬರಬೇಕು. ಅಲ್ಲಿಯವರೆಗೆ ತನ್ನ ನಟನೆ ಸರಿ ಬಂತೋ ಇಲ್ಲವೋ ಅಂತ ನಟಿಸಿದವರಿಗೆ ಕಾಣುವುದೇ ಇಲ್ಲ. ಬೇರೆ ನಿರ್ದೇಶಕರಿದ್ದರೆ ಕ್ಯಾಮೆರಾ ಪಕ್ಕ ನಿಂತು "ಇನ್ನೊಂದು ಸಲ" ಅನ್ನುತ್ತಾರೆ. ಇಲ್ಲಿ ಆ ತೀರ್ಮಾನವೂ ಬಣ್ಣ ಹಚ್ಚಿ ನಿಂತವರದೇ. ಅಂಥ ಧೈರ್ಯ ಸುಮ್ನೆ ಬರುವುದಿಲ್ಲ.

ಪ್ರತಿಭೆಯೊಂದೇ ಸಾಕಿತ್ತು ಎಂದು ನಾನು ನಂಬುವುದಿಲ್ಲ. ಸ್ಟುಡಿಯೋ ಸ್ವಂತದ್ದು. ನಿನಗೇಕೆ ಈ ಕೆಲಸ ಅಂತ ತಡೆಯಲು ಮೇಲೆ ಯಜಮಾನರಿರಲಿಲ್ಲ. ಸಾವಿತ್ರಿಯವರೂ ಮಹಾನಟಿ. 1968ರಲ್ಲಿ 'ಚಿನ್ನಾರಿ ಪಾಪಲು' ನಿರ್ದೇಶಿಸಿದರು, ಚಿತ್ರ ಸೋತಿತು, ಕೈಸುಟ್ಟುಕೊಂಡರು. ನಮ್ಮ ಕನ್ನಡದಲ್ಲಿ ಎಂ. ವಿ. ರಾಜಮ್ಮ 1943ರಲ್ಲೇ 'ರಾಧಾರಮಣ' ನಿರ್ಮಿಸಿದರು. ನಟಿ ಲಕ್ಷ್ಮಿ 1980ರಲ್ಲಿ 'ಮಕ್ಕಳ ಸೈನ್ಯ' ನಿರ್ದೇಶಿಸಿದರು. ನಿರ್ದೇಶಕಿಯಾಗಿ ಲಕ್ಷ್ಮಿಯವರಿಂದ ಇನ್ನೂ ನಾಲ್ಕಾರು ಚಿತ್ರ ಬರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಭಾನುಮತಿ ಮಾತ್ರ ನಿರ್ದೇಶನ ಬಿಡಲಿಲ್ಲ. 1982ರಲ್ಲಿ, ಐವತ್ತು ದಾಟಿದ ಮೇಲೆ, ಮಕ್ಕಳನ್ನೇ ಸೇರಿಸಿಕೊಂಡು 'ಭಕ್ತ ಧ್ರುವ ಮಾರ್ಕಂಡೇಯ' ತೆಗೆದರು. ದೊಡ್ಡವರ ಪಾತ್ರಗಳನ್ನೂ ಅದರಲ್ಲಿ ಮಕ್ಕಳೇ ಮಾಡಿದರು.

ನಮಸ್ಕಾರ.